ಗೆಡ್ಡೆಯೆಂದರೆಲ್ಲ ಕ್ಯಾನ್ಸರ್ ಅಲ್ಲ

ಬಿ.ಕಾಂ. ಓದುವವನಿಗೆ ಎಲುಬಿನ ಗೆಡ್ಡೆಯ ಉಸಾಬರಿ ಯಾಕೆ ಎಂದು ಮಿತ್ರರು ಕೇಳಿಯಾರು. ಈ ಕಾಯಿಲೆ ಹೆಚ್ಚಾಗಿ ಬರೋದು ನಮ್ಮ ವಯಸ್ಸಿನವರಿಗೇ, ಹತ್ತರಿಂದ ಇಪ್ಪತ್ತೈದರೊಳಗೆ. ಅದರಲ್ಲೂ ಹುಡುಗರಿಗೆ ಜಾಸ್ತಿ. ಅಷ್ಟು ಕಾರಣ ಸಾಕು.

ಹೆಸರು ಕಾಂಡ್ರೊಬ್ಲಾಸ್ಟೊಮಾ. ಮೃದ್ವಸ್ಥಿಯ ಎಳೆ ಜೀವಕೋಶಗಳ ಗೆಡ್ಡೆ. ಕಿವಿಯ ಮೇಲ್ಭಾಗ ಮಡಚಿ ಬಿಟ್ಟರೆ ಮತ್ತೆ ನೆಟ್ಟಗಾಗುತ್ತದಲ್ಲ, ಅದೇ ಮೃದ್ವಸ್ಥಿ. ಎಲುಬಿನ ಗೆಡ್ಡೆಗಳಲ್ಲಿ ಇದು ನೂರಕ್ಕೆ ಒಂದೋ ಎರಡೋ. 1931ರಲ್ಲಿ ಅಮೆರಿಕದ ಕಾಡ್ಮನ್ ಎಂಬ ವೈದ್ಯರು ಭುಜದ ಬಳಿ ಇದನ್ನು ಕಂಡು ವಿವರಿಸಿದಾಗ ದೈತ್ಯಕೋಶ ಗೆಡ್ಡೆಯ ಒಂದು ಬಗೆಯೆಂದೇ ತಿಳಿದಿದ್ದರು. 1942ರಲ್ಲಿ ಜಾಫಿ ಮತ್ತು ಲಿಖ್ಟೆನ್‌ಸ್ಟೈನ್ ಇದರ ಜಾತಿಯೇ ಬೇರೆ ಎಂದು ಈಗಿನ ಹೆಸರಿಟ್ಟರು.

ನಮ್ಮ ಚಿಕ್ಕಮ್ಮನ ಮಗ, ಹದಿನಾರರ ಹುಡುಗ, ಎಂಟು ತಿಂಗಳು ಮೊಣಕಾಲು ನೋವು ಅಂತಿದ್ದ. ಡೊಂಬಿವಲಿಯಿಂದ ದಿನಾ ಲೋಕಲ್‌ನಲ್ಲಿ ನಿಂತು ಹೋಗುವವನಿಗೆ ಕಾಲು ನೋಯದೆ ಇನ್ನೇನು ಅಂದರು ಮನೆಯವರು. ಬೆಳೆಯೋ ವಯಸ್ಸು ಅಂದರು ಒಬ್ಬ ಡಾಕ್ಟರು. ಎಣ್ಣೆ ತಿಕ್ಕಿದ್ದೇ ತಿಕ್ಕಿದ್ದು. ಕೊನೆಗೆ ಕೀಲು ಊದಿ ಕಾಲು ಮಡಚಲಾಗದಾಗ ಎಕ್ಸ್‌ರೇ ಆಯಿತು. ಗೆಡ್ಡೆ ಎಂಬ ಶಬ್ದ ಕೇಳಿದ್ದೇ ಚಿಕ್ಕಮ್ಮ ಊಟ ಬಿಟ್ಟರು.

ಆದರೆ ಗೆಡ್ಡೆ ಎಲ್ಲಿದೆ ಎಂಬುದರಲ್ಲೇ ಅರ್ಧ ಉತ್ತರವಿರುತ್ತದೆ. ಬೆಳೆಯುವ ಎಲುಬಿನ ತುದಿಯ ಹತ್ತಿರ ಒಂದು ಬೆಳವಣಿಗೆಯ ಪಟ್ಟಿ ಇರುತ್ತದೆ. ಇದೇ ವಯಸ್ಸಿನಲ್ಲಿ, ಇದೇ ಮೊಣಕಾಲಿನ ಬಳಿ ಬರುವ ಎಲುಬಿನ ಕ್ಯಾನ್ಸರ್, ಅಂದರೆ ಆಸ್ಟಿಯೋಸಾರ್ಕೋಮಾ, ಸಾಮಾನ್ಯವಾಗಿ ಪಟ್ಟಿಯಿಂದ ಆಚೆ, ಎಲುಬಿನ ನಡುಭಾಗದ ಕಡೆಗೆ ಇರುತ್ತದೆ, ಅಂಚು ಅಸ್ಪಷ್ಟ. ಕಾಂಡ್ರೊಬ್ಲಾಸ್ಟೊಮಾ ಕೀಲಿಗೆ ತಾಗಿದ ತುದಿಯಲ್ಲೇ ಕೂರುತ್ತದೆ: ದುಂಡನೆಯ ಕಪ್ಪು ಗುಳಿ, ಸುತ್ತ ತೆಳ್ಳನೆಯ ಬಿಳಿ ಗೆರೆ, ಕೆಲವರಲ್ಲಿ ಒಳಗೆ ಸುಣ್ಣದ ಚುಕ್ಕೆಗಳು. ಎಂ.ಆರ್.ಐ.ಯಲ್ಲಿ ಸುತ್ತಲೂ ವಿಪರೀತ ಊತ ಕಾಣುತ್ತದೆ. ಅದನ್ನೊಂದೇ ನೋಡಿದರೆ ಸೋಂಕೆಂದೋ ಕ್ಯಾನ್ಸರೆಂದೋ ಭ್ರಮೆಯಾಗಬಹುದು. ನಮ್ಮ ದೇಶದಲ್ಲಂತೂ ಎಲುಬಿನ ಕ್ಷಯವನ್ನೂ ಮರೆಯುವಂತಿಲ್ಲ.

ಒಂದೇ ವೋಚರ್ ನೋಡಿ ಯಾವ ಲೆಕ್ಕಪರಿಶೋಧಕನೂ ಸಹಿ ಹಾಕುವುದಿಲ್ಲ. ಇಲ್ಲೂ ಹಾಗೇ. ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ದುಂಡನೆಯ ಕೋಶಗಳ ಸುತ್ತ ಕೋಳಿಗೂಡಿನ ತಂತಿ ಬಲೆಯಂಥ ಸುಣ್ಣದ ಗೆರೆಗಳು ಕಂಡರೆ ಗುರುತು ಸಿಕ್ಕಿತು. ಎಲ್ಲರಲ್ಲೂ ಕಾಣುವುದಿಲ್ಲ. ದೈತ್ಯಕೋಶಗಳು ಇಲ್ಲೂ ಇರುವುದರಿಂದ ಗೊಂದಲ ಸಹಜ. 2013ರಲ್ಲಿ ಎಚ್3ಎಫ್3ಬಿ ಎಂಬ ಜೀನ್‌ನ ಒಂದು ಬದಲಾವಣೆ ಬಹುಪಾಲು ಕಾಂಡ್ರೊಬ್ಲಾಸ್ಟೊಮಾಗಳಲ್ಲಿದೆ ಎಂದು ತಿಳಿದ ಮೇಲೆ ಆ ಗೊಂದಲ ಬಿಡಿಸುವುದು ಸುಲಭವಾಗಿದೆ.

ಚಿಕಿತ್ಸೆ ಸರಳ: ಕೆರೆದು ತೆಗೆದು, ಗುಳಿಗೆ ಎಲುಬಿನ ಚೂರು ತುಂಬುವುದು. ತಡವಾದಷ್ಟೂ ಕೀಲಿಗೆ ಅಪಾಯ. ನಿರುಪದ್ರವಿ ಎನ್ನಿಸಿಕೊಂಡರೂ ಕೆಲವರಲ್ಲಿ ಮರುಕಳಿಸುತ್ತದೆ, ತೀರಾ ಅಪರೂಪಕ್ಕೆ ಶ್ವಾಸಕೋಶಕ್ಕೂ ಹೋಗುತ್ತದೆ. ಆದ್ದರಿಂದ ಕೆಲವು ವರ್ಷ ತಪ್ಪದೆ ತಪಾಸಣೆಗೆ ಹೋಗಬೇಕು, ನೋವು ಇಲ್ಲದಿದ್ದರೂ.