ನಳಿಗೆಯಲ್ಲಿ ಸಿಕ್ಕಿಕೊಂಡ ಗಜ

ಸೆಪ್ಟೆಂಬರ್ ತಿಂಗಳ ಮೊದಲಲ್ಲಿ, ಗದ್ದೆಯ ನಾಟಿ ಮುಗಿದ ಮೇಲೆ, ಕೊಡಗಿನ ಮನೆಗಳಲ್ಲಿ ಕೈಲ್ ಮುಹೂರ್ತದ ಹಬ್ಬ ನಡೆಯುತ್ತದೆ. ಮಳೆಗಾಲದುದ್ದಕ್ಕೂ ಒಳಗಿರಿಸಿದ್ದ ಕೋವಿಗಳನ್ನು ಹೊರತೆಗೆದು, ಒರೆಸಿ, ತೋಕ್ ಹೂವಿನಿಂದ ಅಲಂಕರಿಸಿ ಪೂಜಿಸುವರು. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ನರು ಕೊಡವರಿಗೆ ನಿಶ್ಶಸ್ತ್ರೀಕರಣದ ಕಾಯಿದೆಯಿಂದ ವಿನಾಯಿತಿ ಕೊಟ್ಟರು. ಕೋವಿ ಅಲ್ಲಿ ಮನೆತನದ ಸ್ವತ್ತಾಗಿಯೇ ಉಳಿದುಬಂದಿದೆ. ಮಲೆನಾಡಿನ ಇತರ ಭಾಗಗಳಲ್ಲಿಯೂ ಬೆಳೆ ಕಾಯುವುದಕ್ಕಾಗಿ ಪರವಾನಗಿ ಪಡೆದ ರೈತರ ಬಳಿ ಕೇಪಿನ ಕೋವಿ ಇರುವುದುಂಟು.

ಈ ಕೋವಿಯ ನಳಿಗೆ ಬುಡ ಮುಚ್ಚಿದ ಒಂದು ಕೊಳವೆ. ಮದ್ದನ್ನೂ ಗುಂಡನ್ನೂ ಬಾಯಿಯಿಂದಲೇ ಹಾಕಿ, ಉದ್ದವಾದ ಗಜದಿಂದ ಗಿಡಿಯಬೇಕು. ಶುಚಿಮಾಡುವಾಗಲೂ ಗಜದ ತುದಿಗೆ ಅರಿವೆ ಸುತ್ತಿ ಬಾಯಿಯಿಂದಲೇ ಇಳಿಸಬೇಕು. ಹೀಗೆ ಇಳಿಸಿದ ಗಜ ಕೆಲವೊಮ್ಮೆ ಮೇಲಕ್ಕೆ ಬರುವುದೇ ಇಲ್ಲ, ಎಳೆದಷ್ಟೂ ಬಿಗಿಯಾಗುತ್ತದೆ. ಇಂತಹ ಸಮಯದಲ್ಲಿ ಅವಸರಪಟ್ಟು ಹೂಡಿದ ಉಪಾಯ ಕೈಯನ್ನೋ ಕಣ್ಣನ್ನೋ ಪ್ರಾಣವನ್ನೋ ಕಳೆಯಬಹುದು. ಆದುದರಿಂದ ಗಜ ಸಿಕ್ಕುವುದೇಕೆ, ಅದನ್ನು ಬಿಡಿಸುವುದು ಹೇಗೆ ಎಂಬುದನ್ನು ಸ್ವಲ್ಪ ವಿಚಾರಿಸೋಣ.

ಸಿಕ್ಕಿಕೊಳ್ಳುವುದೇಕೆ?

ಕೇಪಿನ ಕೋವಿಗೆ ಬಳಸುವ ಕರಿಮದ್ದಿನಲ್ಲಿ ನೂರಕ್ಕೆ ಸುಮಾರು 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ ಇರುತ್ತವೆ. ಇದು ಉರಿದಾಗ ಪೂರ್ತಿ ಅನಿಲವಾಗುವುದಿಲ್ಲ. ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಪೊಟ್ಯಾಸಿಯಂ ಕಾರ್ಬೊನೇಟ್, ಪೊಟ್ಯಾಸಿಯಂ ಸಲ್ಫೇಟ್ ಮುಂತಾದ ಘನ ಲವಣಗಳಾಗುತ್ತದೆ. ಅದರಲ್ಲಿ ಕೆಲವಂಶ ಹೊಗೆಯಾಗಿ ಹೊರಟುಹೋದರೂ ಉಳಿದದ್ದು ನಳಿಗೆಯ ಗೋಡೆಗೆ ಮಸಿಯಾಗಿ ಅಂಟುತ್ತದೆ. ಈ ಮಸಿ ಗಾಳಿಯ ತೇವವನ್ನು ಹೀರುತ್ತದೆ. ತೇವದಿಂದ ಕಬ್ಬಿಣ ತುಕ್ಕು ಹಿಡಿಯುತ್ತದೆ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ಆಕ್ರಮಿಸುವುದರಿಂದ ನಳಿಗೆಯ ದಾರಿ ಒರಟಾಗಿ ಇಕ್ಕಟ್ಟಾಗುತ್ತದೆ.

ಇನ್ನು ಅರಿವೆಯ ಆಟ. ಗಜ ಕೆಳಗಿಳಿಯುವಾಗ ಅರಿವೆ ಅದರ ಮೈಗೆ ಒರಗಿಕೊಂಡು ಸಲೀಸಾಗಿ ಹೋಗುತ್ತದೆ. ಗಜವನ್ನು ಹಿಂದಕ್ಕೆ ಎಳೆದೊಡನೆ ಅದರ ಸೆರಗುಗಳು ಒರಟಾದ ಗೋಡೆಗೆ ಸಿಕ್ಕಿ, ಮಡಿಕೆ ಮಡಿಕೆಯಾಗಿ ಒತ್ತಿಕೊಂಡು ಬೆಣೆಯಾಗುತ್ತವೆ. ಬೆಣೆಯನ್ನು ಎಳೆದಷ್ಟೂ ಅದು ಗೋಡೆಯನ್ನು ಒತ್ತುತ್ತದೆ. ಒತ್ತಿದಷ್ಟೂ ಘರ್ಷಣೆ ಏರುತ್ತದೆ. ಅಂದರೆ ಎಳೆಯುವವನ ಬಲವೇ ಅವನಿಗೆ ಎದುರಾಳಿ.

ಎಳೆಯುವುದೋ, ತಳ್ಳುವುದೋ?

ಈ ಪ್ರಶ್ನೆಗೆ ಉತ್ತರವನ್ನು ಬೆಂಗಳೂರಿನ ಉತ್ತರದಲ್ಲಿರುವ ಸೋಲದೇವನಹಳ್ಳಿಯಲ್ಲಿ ಹುಡುಕಬಹುದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹೆಸರಘಟ್ಟದ ಕೆರೆಯಿಂದ ನಗರಕ್ಕೆ ನೀರು ತಂದಾಗ, ನೀರು ಇಟ್ಟಿಗೆಯ ಕಾಲುವೆಯಲ್ಲಿ ತಾನಾಗಿ ಹರಿದು ಸೋಲದೇವನಹಳ್ಳಿಗೆ ಬರುತ್ತಿತ್ತು. ಅಲ್ಲಿಂದ ನಗರದ ಎತ್ತರಕ್ಕೆ ಅದನ್ನು ಹಬೆಯಂತ್ರದ ಪಂಪುಗಳು ಏರಿಸುತ್ತಿದ್ದವು. ಪಂಪುಗಳನ್ನು ಮೇಲಿಡದೆ ತಗ್ಗಿನಲ್ಲಿಯೇ ಇಟ್ಟದ್ದೇಕೆ? ಮೇಲಿನಿಂದ ನೀರನ್ನು ಹೀರುವ ಪಂಪಿಗೆ ವಾಯುಭಾರವೊಂದೇ ಆಸರೆ. ಸಮುದ್ರಮಟ್ಟದಲ್ಲಿ ವಾಯುಭಾರ ನೀರನ್ನು ಸುಮಾರು 10.3 ಮೀಟರು ಏರಿಸಬಲ್ಲದು. 900 ಮೀಟರು ಎತ್ತರದ ಬೆಂಗಳೂರಿನಲ್ಲಿ ಒಂಬತ್ತು ಮೀಟರಿಗಿಂತ ಸ್ವಲ್ಪವೇ ಹೆಚ್ಚು. ಕೆಳಗಿನಿಂದ ತಳ್ಳುವ ಪಂಪಿಗೆ ಈ ಮಿತಿ ಇಲ್ಲ. ಯಂತ್ರಕ್ಕೂ ಕೊಳವೆಗೂ ಶಕ್ತಿ ಇರುವಷ್ಟು ಎತ್ತರಕ್ಕೆ ಅದು ನೀರನ್ನು ಕಳುಹಿಸಬಲ್ಲದು.

ನಳಿಗೆಯ ಗಜಕ್ಕೂ ಹಿಂದಿನಿಂದ ತಳ್ಳುವ ಉಪಾಯವೇ ಲೇಸು. ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆಂದು ಹದಿನೇಳನೆಯ ಶತಮಾನದಲ್ಲಿ ಪಾಸ್ಕಲನು ತೋರಿಸಿದನು. ನಳಿಗೆಯ ಒಳ ಅಡ್ಡಳತೆ 16 ಮಿಲಿಮೀಟರಾದರೆ ಅದರ ಕ್ಷೇತ್ರ ಸುಮಾರು 2 ಚದರ ಸೆಂಟಿಮೀಟರು. ಚದರ ಸೆಂಟಿಮೀಟರಿಗೆ 50 ಕಿಲೋಗ್ರಾಂ ಒತ್ತಡ ಕೊಟ್ಟರೆ 100 ಕಿಲೋಗ್ರಾಂ ಬಲ ಆ ಬೆಣೆಯನ್ನು ಹಿಂದಿನಿಂದ ನೂಕುತ್ತದೆ. ವಾಹನಗಳ ಕೀಲುಗಳಿಗೆ ಗ್ರೀಸ್ ತುಂಬುವ ಕೈಪಂಪಿಗೆ ಇದು ಸುಲಭದ ಕೆಲಸ.

ಬಿಡಿಸುವ ಕ್ರಮ

ಮೊದಲನೆಯದಾಗಿ, ಕೋವಿಯಲ್ಲಿ ಮದ್ದು ಇದೆಯೆಂದೇ ಭಾವಿಸತಕ್ಕದ್ದು. ಕೇಪನ್ನು ತೆಗೆದುಹಾಕಿ, ನಳಿಗೆಯ ಬಾಯಿಗೂ ಗಜಕ್ಕೂ ನೇರವಾಗಿ ಯಾರೂ ನಿಲ್ಲದಂತೆ ನೋಡಿಕೊಳ್ಳಬೇಕು. ಬೆಂಕಿಯೂ ಬೀಡಿಯೂ ಹತ್ತಿರ ಸುಳಿಯಕೂಡದು.

ಎರಡನೆಯದಾಗಿ, ಕೇಪು ಕೂರುವ ತೊಟ್ಟನ್ನು ತಿರುಪಿ ಬಿಚ್ಚಿ, ಆ ರಂಧ್ರದಿಂದಲೂ ಬಾಯಿಯಿಂದಲೂ ನೀರು ಹಾಕಬೇಕು. ಮದ್ದಿದ್ದರೆ ಅದು ನೆನೆಯುತ್ತದೆ. ಪೆಟ್ಲುಪ್ಪು ನೀರಿನಲ್ಲಿ ಕರಗುತ್ತದೆ. ಮಸಿಯ ಲವಣಗಳೂ ನೀರಿಗೇ ಕರಗುತ್ತವೆ, ಎಣ್ಣೆಗೆ ಕರಗುವುದಿಲ್ಲ. ಸಾಬೂನಿನ ನೀರನ್ನು ಕೆಲವು ಗಂಟೆ ನಿಲ್ಲಿಸಿದರೆ ಎಷ್ಟೋ ವೇಳೆ ಗಜ ಇದರಿಂದಲೇ ಸಡಿಲುತ್ತದೆ. ಆದರೆ ನೆನೆದ ಮದ್ದು ಒಣಗಿದರೆ ಮತ್ತೆ ಉರಿಯಬಹುದೆಂಬುದನ್ನು ಮರೆಯಬಾರದು.

ಮೂರನೆಯದಾಗಿ, ಗಜವನ್ನು ಮೊದಲು ತುಸು ಕೆಳಕ್ಕೆ ಒತ್ತಿ, ಆಮೇಲೆ ನಿಧಾನವಾಗಿ ಎಳೆಯಬೇಕು. ಕೆಳಕ್ಕೆ ಒತ್ತಿದಾಗ ಅರಿವೆಯ ಮಡಿಕೆಗಳು ಬಿಚ್ಚಿಕೊಳ್ಳುತ್ತವೆ.

ಇಷ್ಟಕ್ಕೂ ಬಗ್ಗದಿದ್ದರೆ ಪರವಾನಗಿ ಇರುವ ಕೋವಿ ರಿಪೇರಿಯವರ ಬಳಿಗೆ ಒಯ್ಯಬೇಕು. ಅವರು ತೊಟ್ಟಿನ ಜಾಗಕ್ಕೆ ಅದೇ ತಿರುಪಿನ ಗ್ರೀಸ್ ಮೂತಿಯನ್ನು ಕೂರಿಸಿ, ಪಂಪಿನಿಂದ ಸ್ವಲ್ಪ ಸ್ವಲ್ಪವಾಗಿ ಗ್ರೀಸ್ ತುಂಬುವರು. ಅದು ಗೋಡೆಯನ್ನು ಜಾರಿಸುತ್ತ ಅರಿವೆಯನ್ನೂ ಗಜವನ್ನೂ ಒಟ್ಟಿಗೆ ಬೆರಳು ಬೆರಳಷ್ಟು ಮೇಲಕ್ಕೆ ನೂಕುತ್ತದೆ.

ಮಾಡಬಾರದ ಕೆಲಸ

ತೊಟ್ಟಿನ ರಂಧ್ರದಲ್ಲಿ ಚಿಟಿಕೆ ಮದ್ದು ಹಾಕಿ ಗಜವನ್ನು ಹಾರಿಸಿಬಿಡೋಣವೆಂಬ ಯೋಚನೆ ಯಾವ ಕಾರಣಕ್ಕೂ ಕೂಡದು. ಬಿಗಿಯಾಗಿ ಮುಚ್ಚಿದ ಜಾಗದಲ್ಲಿ ಅನಿಲ ಹುಟ್ಟಿದರೆ ಒತ್ತಡ ಕ್ಷಣಾರ್ಧದಲ್ಲಿ ಏರುತ್ತದೆ. ತುಕ್ಕಿನಿಂದ ಸವೆದ ಹಳೆಯ ನಳಿಗೆ ಸೀಳಬಹುದು, ಇಲ್ಲವೆ ಗಜ ಬಾಣದಂತೆ ಹಾರಬಹುದು. ಪಂಪಿನಿಂದ ಗಾಳಿ ತುಂಬುವುದೂ ಅಪಾಯವೇ. ಗಾಳಿಯನ್ನು ಅದುಮಿದರೆ ಅದು ಬಿಲ್ಲಿನಂತೆ ಶಕ್ತಿಯನ್ನು ಕೂಡಿಟ್ಟುಕೊಂಡು ಒಮ್ಮೆಗೆ ಬಿಡುತ್ತದೆ. ಗ್ರೀಸ್ ಅದುಮಿದರೂ ಕುಗ್ಗುವುದು ಅತ್ಯಲ್ಪ. ಬೆಣೆ ಸರಿದೊಡನೆ ಅದರ ಒತ್ತಡ ಇಳಿದುಹೋಗುತ್ತದೆ; ಗಜ ಹಾರುವುದಿಲ್ಲ, ಜರುಗುತ್ತದೆ. ನಳಿಗೆಯನ್ನು ಕುಲುಮೆಯಲ್ಲಿ ಕಾಯಿಸುವುದೂ ನಿಷಿದ್ಧ. ಒಳಗೆ ಮದ್ದು ಉಳಿದಿದ್ದರೆ ಅದು ಸಿಡಿಯುತ್ತದೆ.

ಈ ಪಾಡನ್ನೇ ತಪ್ಪಿಸುವುದು ಇನ್ನೂ ಸುಲಭ. ಈಡು ಹಾರಿಸಿದ ದಿನವೇ ಬಿಸಿನೀರಿನಿಂದ ತೊಳೆದು, ಒಣಗಿಸಿ, ತೆಳುವಾಗಿ ಎಣ್ಣೆ ಸವರಿಡಬೇಕು. ಅರಿವೆ ತೆಳ್ಳಗಿರಬೇಕು, ಕೈಬಲ ಹಾಕದೆ ಇಳಿಯುವಷ್ಟೇ ಇರಬೇಕು. ಖಾಲಿ ನಳಿಗೆಯ ಬುಡಕ್ಕೆ ಗಜ ಮುಟ್ಟಿದಾಗ ಬಾಯಿಯ ಮಟ್ಟದಲ್ಲಿ ಅದರ ಮೇಲೆ ಒಂದು ಗೆರೆ ಕೊರೆದಿಡುವುದು ಒಳ್ಳೆಯದು. ಮುಂದೆ ಎಂದಾದರೂ ಆ ಗೆರೆ ಬಾಯಿಯಿಂದ ಮೇಲೆಯೇ ನಿಂತರೆ, ಒಳಗೆ ಏನೋ ಇದೆಯೆಂದು ಗಜವೇ ಹೇಳುತ್ತದೆ. ಆ ಮಾತನ್ನು ಕೇಳಿದವನ ಮನೆಯಲ್ಲಿ ಹಬ್ಬ ಹಬ್ಬವಾಗಿಯೇ ಕಳೆಯುತ್ತದೆ.