ಅನುಭವಗೋಷ್ಠಿಯೂ ಆಡಳಿತ ಮಂಡಳಿಯೂ

ಕಾಯಕ ದಾಸೋಹಗಳು ಶರಣಧರ್ಮದ ಎರಡು ಕಣ್ಣುಗಳೆಂಬುದು ಸರ್ವವಿದಿತ. ಒಬ್ಬನ ದಾಸೋಹವು ಅವನ ಮನೆಯಂಗಳದಲ್ಲಿಯೇ ನಡೆದೀತು. ಹಲವರು ಕೂಡಿ ಮಾಡುವ ದಾಸೋಹಕ್ಕೆ ಸಂಸ್ಥೆಯೊಂದು ಬೇಕಾಗುವುದು. ಪಾಠಶಾಲೆ, ಪ್ರಸಾದ ನಿಲಯ, ಆಸ್ಪತ್ರೆ, ಅನಾಥಾಲಯಗಳೆಲ್ಲವೂ ಇಂತಹ ಸಾಮೂಹಿಕ ದಾಸೋಹದ ರೂಪಗಳೇ. ಇವುಗಳ ಹೊಣೆ ಹೊತ್ತ ಆಡಳಿತ ಮಂಡಳಿಯವರೂ ಹಿರಿಯ ಕಾರ್ಯಕರ್ತರೂ ಒಂದೆಡೆ ಕುಳಿತು, ಮುಂಬರುವ ವರ್ಷಗಳ ದಾರಿಯನ್ನು ಯಾವ ಬಗೆಯಲ್ಲಿ ನಿಶ್ಚಯಿಸಬೇಕೆಂಬುದನ್ನು ಇಲ್ಲಿ ವಿಚಾರಿಸೋಣ.

ಶೂನ್ಯಸಂಪಾದನೆಯಲ್ಲಿ ಬರುವ ಸೊನ್ನಲಿಗೆಯ ಪ್ರಸಂಗವು ಈ ವಿಚಾರಕ್ಕೆ ತಕ್ಕ ಪೀಠಿಕೆಯಾಗಿದೆ. ಸಿದ್ಧರಾಮೇಶ್ವರರು ಲೋಕಹಿತಕ್ಕಾಗಿ ಕೆರೆಗಳನ್ನು ತೋಡಿಸುತ್ತಿದ್ದರು, ಗುಡಿಗಳನ್ನು ಕಟ್ಟಿಸುತ್ತಿದ್ದರು. ಅಸಂಖ್ಯ ಜನರು ಅವರ ಮಾತಿನಂತೆ ದುಡಿಯುತ್ತಿದ್ದರು. ಅಲ್ಲಿಗೆ ಬಂದ ಅಲ್ಲಮಪ್ರಭುಗಳು ಅವರನ್ನು ಒಡ್ಡರಾಮನೆಂದು ಕರೆದರು. ಕೆಲಸಗಾರರು ಕೆರಳಿದರು, ಸಿದ್ಧರಾಮರೂ ಕೋಪಗೊಂಡರು. ಆದರೆ ಕೋಪವಿಳಿದ ಮೇಲೆ ಪ್ರಭುವಿನ ಮಾತಿನ ಮರ್ಮವು ಅವರಿಗೆ ಹೊಳೆಯಿತು. ಅವರು ಪ್ರಭುವಿನೊಡನೆ ಕಲ್ಯಾಣಕ್ಕೆ ಬಂದರು.

ಕೆರೆ ತೋಡುವುದು ತಪ್ಪೆಂದು ಈ ಪ್ರಸಂಗವು ಹೇಳುವುದಿಲ್ಲ. ಬಾಯಾರಿದವರಿಗೆ ನೀರು ಬೇಕೇ ಬೇಕು. ಕೆಲಸವು ದೊಡ್ಡದಾದಂತೆ ಅದರ ಉದ್ದೇಶವು ಮರೆಯಾಗಿ, ‘ನಾನು ಮಾಡಿಸಿದೆ’ ಎಂಬುದು ಮುಂದಕ್ಕೆ ಬರುವುದಲ್ಲವೆ? ಅದನ್ನು ಎಚ್ಚರಿಸುವುದೇ ಆ ಮಾತಿನ ತಾತ್ಪರ್ಯ. ಕೆಟ್ಟ ಕೆಲಸ ಮಾಡುವವನನ್ನು ಎಚ್ಚರಿಸುವುದು ಸುಲಭ. ಒಳ್ಳೆಯ ಕೆಲಸದಲ್ಲಿ ಮುಳುಗಿದವನನ್ನು ಎಚ್ಚರಿಸುವುದು ಕಷ್ಟ.

ಇಂದಿನ ಸಂಸ್ಥೆಗಳಿಗೂ ಈ ಎಚ್ಚರವು ಅವಶ್ಯ. 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮವು ವರ್ಷಕ್ಕೊಮ್ಮೆ ಮಹಾಸಭೆ ಕೂಡಬೇಕೆಂದೂ ಲೆಕ್ಕಪತ್ರಗಳನ್ನು ಒಪ್ಪಿಸಬೇಕೆಂದೂ ವಿಧಿಸುತ್ತದೆ. ಜಮಾಖರ್ಚು ಸರಿಯಾಗಿದೆಯೇ ಎಂಬುದು ಅಲ್ಲಿ ತಿಳಿಯುವುದು. ಸಂಸ್ಥೆಯು ಯಾರಿಗಾಗಿ ಹುಟ್ಟಿತೋ ಅವರಿಗೆ ಇಂದು ಉಪಯೋಗವಾಗುತ್ತಿದೆಯೇ ಎಂಬುದು ತಿಳಿಯದು. ಆದುದರಿಂದ ಮೂರು ನಾಲ್ಕು ವರ್ಷಗಳಿಗೊಮ್ಮೆಯಾದರೂ, ನಿತ್ಯದ ಠರಾವುಗಳನ್ನು ಬದಿಗಿಟ್ಟು, ಒಂದೆರಡು ದಿನ ಬೇರೆಯಾಗಿ ಕುಳಿತು ಚಿಂತಿಸುವುದು ಉಚಿತ.

ಇಂತಹ ಕೂಟವನ್ನು ನಡೆಸುವವರು ಯಾರು? ಅಧ್ಯಕ್ಷರೇ ನಡೆಸಿದರೆ ಇತರರು ಅವರ ಮುಖ ನೋಡಿ ಮಾತನಾಡುವರು. ಮಠದ ಸಂಸ್ಥೆಗಳಲ್ಲಂತೂ ಪೂಜ್ಯರು ಮೊದಲು ಅಭಿಪ್ರಾಯ ಹೇಳಿದರೆ ಬೇರೆ ಅಭಿಪ್ರಾಯವು ಹುಟ್ಟುವುದೇ ಇಲ್ಲ. ಇದು ಭಕ್ತಿಯ ದೋಷವಲ್ಲ, ಕ್ರಮದ ದೋಷ. ಅಮೆರಿಕದಲ್ಲಿ 1976ರಲ್ಲಿ ಮೈಕೇಲ್ ಡಾಯ್ಲ್ ಮತ್ತು ಡೇವಿಡ್ ಸ್ಟ್ರೌಸ್ ಎಂಬವರು ಸಭೆಗಳನ್ನು ಕುರಿತು ಬರೆದ ಗ್ರಂಥದಲ್ಲಿ ಇದಕ್ಕೊಂದು ಉಪಾಯವನ್ನು ವಿವರಿಸಿದರು. ಸಭೆಯನ್ನು ನಡೆಸುವವನು ತನ್ನ ಮತವನ್ನು ಹೇಳಕೂಡದು. ಯಾರ ಮಾತನ್ನೂ ಒಳ್ಳೆಯದು ಕೆಟ್ಟದ್ದೆಂದು ತೂಗಕೂಡದು. ಎಲ್ಲರಿಗೂ ಅವಕಾಶ ದೊರೆಯುವಂತೆ ಮಾತ್ರ ನೋಡಿಕೊಳ್ಳಬೇಕು. ಆಡಿದ ಮಾತುಗಳನ್ನು ಎಲ್ಲರ ಕಣ್ಣೆದುರಿಗೆ ದೊಡ್ಡ ಹಾಳೆಗಳ ಮೇಲೆ ಬರೆಯುವವನು ಇನ್ನೊಬ್ಬನಿರಬೇಕು. ನಿರ್ಣಯವು ಸಭೆಯದೇ.

ಅನುಭವ ಮಂಟಪದ ಅಗ್ರಪೀಠಕ್ಕೆ ಶೂನ್ಯಸಿಂಹಾಸನವೆಂಬ ಹೆಸರು ಇರುವುದನ್ನು ಇಲ್ಲಿ ನೆನೆಯಬಹುದು. ಪ್ರಭುಗಳು ಅನುಭಾವಿಗಳು, ನಿಷ್ಠುರವಾಗಿ ಪರೀಕ್ಷಿಸಿದವರು. ಇಂದಿನ ಸಂವಾದ ನಿರ್ವಾಹಕನನ್ನು ಅವರಿಗೆ ಹೋಲಿಸುವುದು ಸಲ್ಲದು. ಆದರೆ ತನಗಾಗಿ ಏನನ್ನೂ ಬಯಸದವನು ಕೇಳಿದ ಪ್ರಶ್ನೆಗೇ ಜನರು ನಿಜವಾದ ಉತ್ತರ ಕೊಡುವರೆಂಬ ತತ್ತ್ವವು ಎರಡೆಡೆಯೂ ಒಂದೇ. ಆದುದರಿಂದ ನಿರ್ವಾಹಕನು ಆ ಸಂಸ್ಥೆಯ ಹುದ್ದೆ, ಗುತ್ತಿಗೆ, ಬಾಂಧವ್ಯಗಳ ಹಂಗಿಲ್ಲದವನಾಗಿರಬೇಕು.

ಕೇಳಬೇಕಾದ ಪ್ರಶ್ನೆಗಳು ಹಲವಿಲ್ಲ. ಆಡಳಿತಶಾಸ್ತ್ರದ ಪಂಡಿತ ಪೀಟರ್ ಡ್ರಕ್ಕರ್ ಸೇವಾಸಂಸ್ಥೆಗಳಿಗಾಗಿ ಐದನ್ನು ಮಾತ್ರ ಆಯ್ದರು. ನಮ್ಮ ಧ್ಯೇಯವೇನು? ನಾವು ಸೇವಿಸುವವರು ಯಾರು? ಅವರು ಯಾವುದನ್ನು ಬೆಲೆಯುಳ್ಳದ್ದೆಂದು ಎಣಿಸುತ್ತಾರೆ? ನಮ್ಮಿಂದ ಆದ ಫಲವೇನು? ಮುಂದಿನ ಯೋಜನೆಯೇನು? ಯೋಜನೆಯ ಪ್ರಶ್ನೆಯು ಕಡೆಯದೆಂಬುದನ್ನು ಗಮನಿಸಬೇಕು. ನಮ್ಮಲ್ಲಿ ಅದೇ ಮೊದಲಾಗಿ, ಕಟ್ಟಡದ ನಕಾಶೆಯಿಂದಲೇ ಚರ್ಚೆಯು ಆರಂಭವಾಗುವುದುಂಟು.

ಒಂದು ದೃಷ್ಟಾಂತವನ್ನು ಕಲ್ಪಿಸಿಕೊಳ್ಳೋಣ. ಹತ್ತಾರು ವರ್ಷಗಳ ಹಿಂದೆ, ಹಳ್ಳಿಯಲ್ಲಿ ಪ್ರೌಢಶಾಲೆಯಿಲ್ಲದ ಹುಡುಗರಿಗಾಗಿ ಪಟ್ಟಣದಲ್ಲಿ ಒಂದು ಪ್ರಸಾದ ನಿಲಯವು ಸ್ಥಾಪಿತವಾಯಿತು. ಈಗ ಅದರ ಅರ್ಧ ಕೋಣೆಗಳು ಬರಿದಾಗಿವೆ. ಮಂಡಳಿಯು ಮೇಲೊಂದು ಅಂತಸ್ತು ಕಟ್ಟುವ ವಿಚಾರದಲ್ಲಿದೆ, ದಾನಿಗಳೂ ಸಿದ್ಧರಾಗಿದ್ದಾರೆ. ನಿರ್ವಾಹಕನು ಎರಡನೆಯ ಪ್ರಶ್ನೆಯನ್ನು ಎತ್ತಿದಾಗ ಅಡುಗೆಯ ಮೇಲ್ವಿಚಾರಕನು ಹೇಳುತ್ತಾನೆ: ಕಾಲೇಜು ಓದಬೇಕೆಂಬ ಹೆಣ್ಣುಮಕ್ಕಳ ತಾಯ್ತಂದೆಗಳು ಪ್ರತಿವರ್ಷ ಬಾಗಿಲಿಗೆ ಬಂದು ಹಿಂದಿರುಗುತ್ತಿದ್ದಾರೆ, ಅವರಿಗೆ ಇಲ್ಲಿ ಸ್ಥಳವಿಲ್ಲ. ಈ ಸಂಗತಿಯು ಯಾವ ವರದಿಯಲ್ಲಿಯೂ ಇರಲಿಲ್ಲ. ಅವನನ್ನು ಯಾರೂ ಕೇಳಿರಲಿಲ್ಲ. ಅಂತಸ್ತು ಏರಿ, ಆ ಮಕ್ಕಳ ಓದು ನಿಂತುಹೋದರೆ ಅದನ್ನು ದಾಸೋಹವೆನ್ನಬಹುದೇ?

ಇನ್ನು ಆಯ್ಕೆಯ ಮಾತು. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನು ಅದನ್ನು ಆಸೆಯೆಂದು ಅರಿತು ಹಿಂದಕ್ಕೆ ಸುರಿದು ಬರುವಂತೆ ಹೇಳಿದಳು. ಅಕ್ಕಿ ಶುದ್ಧವೇ; ಆದರೆ ಅಂದಿನ ದಾಸೋಹಕ್ಕೆ ಅದು ಬೇಕಿರಲಿಲ್ಲ. ಯಾವುದನ್ನು ಮಾಡಬಾರದೆಂದು ನಿಶ್ಚಯಿಸದ ಯೋಜನೆಯು ಯೋಜನೆಯಲ್ಲ, ಆಸೆಗಳ ಪಟ್ಟಿ. ದಾನಿಯು ಕೊಡುತ್ತಾನೆಂಬುದೊಂದೇ ಕಾರಣದಿಂದ ಕೈಕೊಂಡ ಕಾರ್ಯವು ಮುಂದೆ ಸಂಸ್ಥೆಗೆ ಹೊರೆಯಾಗುವುದು.

ಹಾಗೆಂದು ಬೆಳೆಯಬಾರದೆಂದಲ್ಲ. 1916ರಲ್ಲಿ ಏಳು ಜನ ತರುಣರು ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದಾಗ ಅವರು ನಡೆಸಿದುದು ಒಂದು ಶಾಲೆಯನ್ನು. 1933ರಲ್ಲಿ ತ್ಯಾಗವೀರ ಸಿರಸಂಗಿ ಲಿಂಗರಾಜರ ಹೆಸರಿನ ಕಾಲೇಜು, 1947ರಲ್ಲಿ ಹುಬ್ಬಳ್ಳಿಯ ಎಂಜಿನಿಯರಿಂಗ್ ಕಾಲೇಜು, 1963ರಲ್ಲಿ ಬೆಳಗಾವಿಯ ವೈದ್ಯಕೀಯ ಕಾಲೇಜು ಬಂದವು. ಶಾಲೆಯಿಂದ ವೈದ್ಯಶಿಕ್ಷಣದವರೆಗಿನ ದಾರಿಗೆ 47 ವರ್ಷಗಳು ಹಿಡಿದವು. ಒಂದು ಹೆಜ್ಜೆ ನೆಲೆಯೂರಿದ ಮೇಲೆ ಮತ್ತೊಂದನ್ನಿಡುವುದೇ ಬಾಳುವ ಬೆಳವಣಿಗೆ.

ಕಡೆಗೆ, ಅರಿತುದು ಆಚರಣೆಗೆ ಬರಬೇಕು. ಚಿಂತನಕೂಟದ ನಿರ್ಣಯಗಳು ನಾಲ್ಕೈದನ್ನು ಮೀರದಿರಲಿ. ಪ್ರತಿಯೊಂದರ ಮುಂದೆ ಮಾಡುವವರ ಹೆಸರು, ಮುಗಿಸುವ ತಿಂಗಳು, ತಗಲುವ ಹಣ ಇವಿಷ್ಟನ್ನು ಬರೆಯಬೇಕು. ಮೂರು ತಿಂಗಳಿಗೊಮ್ಮೆ ಮಂಡಳಿಯು ಅದನ್ನು ಓದಿ, ನಡೆಯದಿದ್ದುದರ ಕಾರಣವನ್ನು ವಿಚಾರಿಸಬೇಕು. ಕೂಟಕ್ಕೆ ಮುಂಚೆ ನಿರ್ವಾಹಕನು ಉಪಾಧ್ಯಾಯರು, ಸೇವಕರು, ಸೇವೆ ಪಡೆಯುವವರು ಎಲ್ಲರನ್ನೂ ಕಂಡು ಮಾತನಾಡಿರಬೇಕು. ಅಧ್ಯಕ್ಷರೂ ಪೂಜ್ಯರೂ ಎಲ್ಲರ ಮಾತು ಮುಗಿದ ಮೇಲೆ ತಮ್ಮ ಅಭಿಪ್ರಾಯವನ್ನು ತಿಳಿಸುವುದು ಶ್ರೇಯಸ್ಕರ.

ಸಂಸ್ಥೆಯು ಸಮಾಜದ ಸ್ವತ್ತು. ನಡೆಸುವವರು ಅದರ ದಾಸೋಹಿಗಳು. ಕೆರೆಯ ಏರಿಯ ಮೇಲೆ ನಿಂತು ಸಿದ್ಧರಾಮೇಶ್ವರರು ಎದುರಿಸಿದ ಪ್ರಶ್ನೆಯನ್ನು ನಮ್ಮ ಮಂಡಳಿಗಳು ತಾವಾಗಿ ಕೇಳಿಕೊಳ್ಳುವಂತಾಗಲಿ.