ಲಿಂಕ್ ಒತ್ತುವ ಮುನ್ನ

ಪುಣೆಯಲ್ಲಿ ಕೂತು ಹೊರದೇಶದ ಕೆಲಸ ಮಾಡಿ ಪೇಪಾಲ್‌ನಲ್ಲಿ ಹಣ ಪಡೆಯುವ ಕನ್ನಡದ ಗೆಳೆಯರೇ, ಒಂದು ಮಾತು. ‘ಮುಂಬೈ ಅಂಗಡಿಗೆ ನಿಮ್ಮ ಪೇಪಾಲ್‌ನಿಂದ ಹಣ ಹೋಗಿದೆ, ರದ್ದುಮಾಡಲು ಇಲ್ಲಿ ಒತ್ತಿ’ ಎಂಬ ಇಮೇಲ್ ಬಂದರೆ ಗಾಬರಿಯಾಗಬೇಡಿ. ಭಾರತದೊಳಗಿನ ಪಾವತಿಯನ್ನು ಪೇಪಾಲ್ 2021ರ ಏಪ್ರಿಲ್‌ನಲ್ಲೇ ನಿಲ್ಲಿಸಿದೆ! ಲೋಗೊ ನೋಡಿ ನಂಬಬೇಡಿ, ಅದನ್ನು ಯಾರು ಬೇಕಾದರೂ ಅಂಟಿಸಬಹುದು. ಕಳುಹಿಸಿದವರ ಹೆಸರು ಒತ್ತಿ ಪೂರ್ತಿ ವಿಳಾಸ ಓದಿ; ‘ಎಲ್’ ಅಕ್ಷರದ ಜಾಗದಲ್ಲಿ 1 ಕೂತಿರಬಹುದು. ವಿಳಾಸ ಸರಿ ಕಂಡರೂ ಲಿಂಕ್ ಬೇಡ, ಆ್ಯಪ್ ತೆರೆದೇ ಖಾತೆ ನೋಡಿ. ಊರಲ್ಲಿರುವ ಅಪ್ಪ-ಅಮ್ಮನಿಗೂ ಹೇಳಿ: ಹಣ ಪಡೆಯಲು ಯುಪಿಐ ಪಿನ್ ಬೇಕಿಲ್ಲ, ಕೇಳಿದರೆ ಅದು ಮೋಸ. ಮೋಸಹೋದರೆ ನಾಚಿಕೊಂಡು ಸುಮ್ಮನಿರಬೇಡಿ, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದರೆ ಹಣವನ್ನು ದಾರಿಯಲ್ಲೇ ತಡೆಯುವ ಅವಕಾಶವಿರುತ್ತದೆ.